ಜಹೀರಾಬಾದ ಅನ್ನೋರು ನಮ್ಮವರು

ತಾಂಡೂರು ಸ್ಟೇಷನ್ನಿನ ಹಿಂದೆ ಕಲ್ಲು ಕೊಯ್ಯುವ ಕಾರ್ಖಾನೆಗಳ ಸಾಲಿದೆ. ಹೋದ ತಿಂಗಳು ಅಲ್ಲಿ ಆಟೋ ಇಳಿದಾಗ ಒಳಗೆ ಗರಗಸದ ಚಕ್ರದ ಮೇಲೆ ನೀರು ಬಿಡುತ್ತಿದ್ದರು. ಒದ್ದೆಯಾದ ಕಲ್ಲುಪುಡಿಯ ವಾಸನೆ ಬಂತು. ಅದು ಮಣ್ಣಿನ ವಾಸನೆಯಲ್ಲ, ಸುಣ್ಣದ್ದೂ ಅಲ್ಲ. ಎಂಜಲು ಹಚ್ಚಿ ಒರೆಸಿದ ಶಾಲೆಯ ಪಾಟಿಯ ವಾಸನೆಗೆ ಹತ್ತಿರ. ಆ ಕ್ಷಣ ನನ್ನ ಮದುವೆಗೆ ಮುಂಚಿನ ಚಳಿಗಾಲ ಕಣ್ಣ ಮುಂದೆ ಬಂದು ನಿಂತಿತು ಎಂದು ಬರೆದರೆ ಕೆಲಸ ಸುಲಭ. ಆದರೆ ಮೊದಲು ನೆನಪಾದದ್ದು ಆ ಚಳಿಗಾಲವಲ್ಲ, ಅದರ ಬಗ್ಗೆ ನಾನು ಬರೆದು ಹರಿದು ಹಾಕಿದ ಕವಿತೆಗಳು. ಅವುಗಳಲ್ಲೆಲ್ಲ ಕೊನೆಗೆ ಅಪ್ಪ ಅಳುತ್ತಾನೆ. ನಮ್ಮಪ್ಪ ಅತ್ತದ್ದನ್ನು ನಾನು ಯಾವತ್ತೂ ನೋಡಿಲ್ಲ. ಪದ್ಯ ಮುಗಿಯುವ ಹೊತ್ತಿಗೆ ಎಲ್ಲಾದರೂ ಏನಾದರೂ ಒದ್ದೆಯಾಗಬೇಕು ಅನಿಸುತ್ತದೆ, ಕೈಗೆ ಹತ್ತಿರ ಸಿಗುವುದು ಅವನ ಕಣ್ಣು. ಅದಕ್ಕೇ ಈ ಸಲ ಗದ್ಯ.

ಅಪ್ಪ ಫರಸಿ ಕಲ್ಲಿನ ಕೆಲಸದವನು. ಗಣಿಯಿಂದ ಬಂದ ಹಾಸುಗಲ್ಲುಗಳ ಅಂಚನ್ನು ಉಳಿ ಸುತ್ತಿಗೆಯಿಂದ ಹೊಡೆದು ನೇರ ಮಾಡುವುದು ಅವನ ಕಸುಬು. ಹಗಲು ಸಾವಕಾರರ ಅಂಗಳದಲ್ಲಿ, ಸಂಜೆ ನಮ್ಮ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ. ಅವ್ವ ನೀಲಮ್ಮ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಳು. ಮನೆಯಲ್ಲಿ ನಾವಿಬ್ಬರೇ, ಮಾತು ಕಡಿಮೆ. 'ಉಂಡಿ?' 'ಉಂಡೆ.' 'ಕಂದೀಲಿಗಿ ಎಣ್ಣಿ ಅದೇನು?' 'ಅದ.' ಇಷ್ಟರಲ್ಲೇ ವಾರಗಳು ಕಳೆಯುತ್ತಿದ್ದವು. ಇದನ್ನು ದುಃಖವೆಂದು ತಿಳಿಯಬೇಡಿ. ಉಳಿಯ ಟಣ್ ಟಣ್ ಕೇಳುತ್ತಿದ್ದರೆ ಅಪ್ಪ ಇದ್ದಾನೆ, ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿದ್ದರೆ ನಾನಿದ್ದೇನೆ. ಇಬ್ಬರಿಗೂ ಅಷ್ಟು ಸಾಕಾಗಿತ್ತು.

ನಾನು ಏಳನೆಯ ಇಯತ್ತೆಯವರೆಗೆ ಓದಿದ್ದು ತೆಲುಗು ಶಾಲೆಯಲ್ಲಿ. ನಮ್ಮೂರು ಆಂಧ್ರದ ಪಾಲಿಗೆ ಹೋದ ಮೇಲೆ ಹುಟ್ಟಿದವಳು ನಾನು. ಮನೆಯಲ್ಲಿ ಕನ್ನಡ, ಪುಸ್ತಕದಲ್ಲಿ ತೆಲುಗು, ಬಜಾರಿನಲ್ಲಿ ಉರ್ದು. ತೆಲುಗು ಪದ್ಯಗಳನ್ನು ಗಡಗಡ ಒಪ್ಪಿಸುತ್ತಿದ್ದೆ. ಕನ್ನಡದಲ್ಲಿ ನನಗೆ ಒಂದು ಪದ್ಯವೂ ಬರುತ್ತಿರಲಿಲ್ಲ. ಅದೊಂದು ಕೊರತೆ ಎಂದು ಯಾರಿಗೂ ಹೊಳೆದಿರಲಿಲ್ಲ, ನನಗೆ ಗಂಡು ಗೊತ್ತಾಗುವವರೆಗೆ.

ದೀಪಾವಳಿ ಕಳೆದ ಮೇಲೆ ನಾರಾಯಣಖೇಡದಿಂದ ಸಂಬಂಧ ಬಂತು. ಹುಡುಗ ಪಶು ದವಾಖಾನೆಯಲ್ಲಿ ಕಂಪೌಂಡರ್. ಅಪ್ಪ ಜಹೀರಾಬಾದಿನಲ್ಲಿ ಬಸ್ಸು ಬದಲಿಸಿ ಹೋಗಿ ನೋಡಿ ಬಂದ. ಏನು ನೋಡಿದ ಎಂದು ನಾನು ಕೇಳಲಿಲ್ಲ. ಅವನೇ ಕೈಕಾಲು ತೊಳೆದುಕೊಂಡು, ಗೋಡೆಯ ಕಡೆಗೆ ಮುಖ ಮಾಡಿ ಹೇಳಿದ, 'ದನಾ ಅಂವನ್ನ ಕಂಡ್ರ ಹೆದರಾಂಗಿಲ್ಲ.' ನನಗೆ ಆ ಮಾತು ಸೇರಿತು. ತೊಗರಿ ರಾಶಿ ಮುಗಿದ ಮೇಲೆ ಲಗ್ನ ಎಂದು ಗೊತ್ತಾಯಿತು.

ಮರುದಿನ ಪಕ್ಕದ ಮನೆಯ ಈರಮ್ಮತ್ತಿ ಬಂದಳು. ಅಪ್ಪನಿಗೆ ಅವಳು ತಂಗಿಯ ಸಮಾನ, ನನಗೆ ಅತ್ತೆ. ಗಟ್ಟಿ ಗಂಟಲಿನ ಹೆಂಗಸು. ಅಂಗಳದಲ್ಲಿ ಕಲ್ಲು ಕಡಿಯುತ್ತಿದ್ದ ಅಪ್ಪನ ಎದುರು ನಿಂತು ಕೇಳಿದಳು.

'ಅಣ್ಣಾ, ಎಲ್ಲಾ ಬರಾಬರಿ ಮಾಡೀದಿ. ಕೂಸಿಗಿ ಒಡಪ ಬರ್ತಾವೇನು?'

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೆ ಬಾಯಲ್ಲಿ ಹೇಳುವುದಿಲ್ಲ. ಹೇಳಲೇಬೇಕಾದ ದಿನ ಒಂದಿದೆ. ಮದುವೆಯಾಗಿ ಗಂಡನ ಮನೆಗೆ ಬಂದಾಗ ಹೊಸ್ತಿಲಲ್ಲಿ ನಾದಿನಿಯರು ಕೈ ಅಡ್ಡ ಹಿಡಿದು ನಿಲ್ಲುತ್ತಾರೆ. ಆಗ ಹೆಸರನ್ನು ಎರಡು ಸಾಲಿನ ಪದ್ಯದೊಳಗಿಟ್ಟು ಹೇಳಬೇಕು. ಅದೇ ಒಡಪು. ಪ್ರಾಸ ಕೂಡಬೇಕು, ಹೆಸರು ಸ್ಪಷ್ಟವಾಗಿ ಕೇಳಬೇಕು. ಹೇಳುವವಳು ನಾಚಬೇಕು, ಆದರೆ ತಡವರಿಸಬಾರದು. ಹೇಳಿದರೆ ಬಾಗಿಲು ಬಿಡುತ್ತಾರೆ. ಹುಡುಗಿಯರಿಗೆ ಇದನ್ನು ತಾಯಂದಿರು ತಲೆ ಬಾಚುತ್ತ, ಕಾಳು ಹಸನು ಮಾಡುತ್ತ, ಯಾವಾಗ ಕಲಿಸಿದರೆಂದು ಇಬ್ಬರಿಗೂ ತಿಳಿಯದ ಹಾಗೆ ಕಲಿಸಿಬಿಟ್ಟಿರುತ್ತಾರೆ.

ಅಪ್ಪನ ಉಳಿಯ ಸಪ್ಪಳ ನಡೆದೇ ಇತ್ತು.

'ನಾರಾಯಣಖೇಡದವರು ಬಾಯಿ ಇದ್ದ ಮಂದಿ,' ಎಂದಳು ಈರಮ್ಮತ್ತಿ. 'ಆ ಮನ್ಯಾಗ ದೊಡ್ಡ ಸೊಸಿ ಬಾಗಲಾಗ ನಿಂತು ಬಾಯಿ ಬಿಡಲಿಲ್ಲಂತ. ಇವತ್ತಿನ ತನಾ ಅಕಿಗಿ ಮೂಗಿ ಅಂತಾರಂತ. ಇಬ್ಬರು ಮಕ್ಕಳಾಗ್ಯಾವ, ಇನ್ನಾ ಮೂಗಿನೇ. ನಮ್ಮ ಕೂಸಿಗಿ ಏನಂತಾರ ಗೊತ್ತದೇನು? ತಾಯಿ ಇಲ್ಲದ್ದು, ಕಲಿಸೋರಿಲ್ಲ ಅಂತಾರ.'

ಉಳಿಯ ಸಪ್ಪಳ ನಿಂತಿತು. ನಾನು ಒಳಗೆ ಒಲೆಯ ಮುಂದೆ ಇದ್ದೆ. ಅಪ್ಪನ ಮುಖ ನಾನು ನೋಡಿಲ್ಲ, ಆದ್ದರಿಂದ ಮುಖದ ಬಗ್ಗೆ ಏನೂ ಬರೆಯುವುದಿಲ್ಲ. ಸಪ್ಪಳ ನಿಂತದ್ದು ಮಾತ್ರ ಖರೆ. ಅದು ನಿಂತಿದ್ದಕ್ಕೇ ನನಗೆ ಹೆದರಿಕೆಯಾಯಿತು. ಅಲ್ಲಿಯವರೆಗೆ ಮದುವೆ ಎಂದರೆ ನನಗೆ ಬಸ್ಸಿನ ಪ್ರಯಾಣ, ಹೊಸ ಸೀರೆ. ಈಗ ಅದು ಒಂದು ಬಾಗಿಲಾಯಿತು.

ಈರಮ್ಮತ್ತಿ ತಾನೇ ಕಲಿಸಲು ಕೂತಳು. ಅವಳ ಒಡಪುಗಳು ಚಂದವೇ. ತೊಂದರೆ ಇದ್ದದ್ದು ಹೆಸರಿನಲ್ಲಿ. ಅವಳ ಗಂಡ ಶಿವಪ್ಪ, ಮೂರಕ್ಷರದ ಮನುಷ್ಯ. ಅವಳ ಪದ್ಯಗಳೆಲ್ಲ ಆ ಮೂರಕ್ಷರದ ಅಳತೆಗೆ ಹೊಲಿದ ಅಂಗಿಗಳು.

'ಹೊಲದಾಗ ತೊಗರಿ, ಮನಿಯಾಗ ಬೇಳಿ, ಶಿವಪ್ಪರ ಹೆಸರ ಹೇಳತೀನಿ ಎಲ್ಲಾರೂ ಕೇಳಿ. ಅನ್ನು.'

ಶಿವಪ್ಪನ ಜಾಗದಲ್ಲಿ ನನ್ನ ಗಂಡನಾಗುವವನ ಹೆಸರು ಇಡಬೇಕು. ಚಂದ್ರಶೇಖರ. 'ಚಂದ್ರಶೇಖರರ ಹೆಸರ ಹೇಳತೀನಿ' ಎನ್ನಹೋದರೆ ರ ರ ರ ಎಂದು ನಾಲಿಗೆ ಕಲ್ಲುದಾರಿಯ ಗಾಡಿಯಂತೆ ಕುಣಿಯಿತು. ನಾನು ನಕ್ಕೆ. ಅವಳೂ ನಕ್ಕಳು. ಆಮೇಲೆ ಬೇಸತ್ತು, 'ಚಂದ್ರು ಅಂದುಬಿಡು ಅತ್ಲಾಗ,' ಎಂದಳು.

ಹೊರಗಿನಿಂದ ಅಪ್ಪ ಹೇಳಿದ, 'ಅಳಿಯಂದಿರ ಹೆಸರ ಮುರೀಬಾರದು.'

'ಹಾಂಗಾದ್ರ ನೀನೇ ಕೂಡಿಸು ಬಾ.'

ಮತ್ತೆ ಉಳಿಯ ಸಪ್ಪಳ ಶುರುವಾಯಿತು. ಗಂಡಸರು ಒಡಪಿನ ಗೊಡವೆಗೆ ಹೋಗುವವರಲ್ಲ. ಅದು ಹೆಂಗಸರ ಬಾಯಿಯ ವಸ್ತು. ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮುಂದಿನದನ್ನು ನಾನು ನೋಡಿದವಳಲ್ಲ. ಬಹಳ ವರ್ಷಗಳ ಮೇಲೆ ಈರಮ್ಮತ್ತಿ ಹೇಳಿದ್ದು. ಅವಳು ಇದನ್ನು ನನಗೆ ಹಲವು ಸಲ ಹೇಳಿದ್ದಾಳೆ, ಪ್ರತಿ ಸಲ ಸ್ವಲ್ಪ ಬೆಳೆದಿದೆ. ಒಂದು ಸಲ ಅದರಲ್ಲಿ ಮಳೆಯೂ ಬಂದಿತ್ತು, ನಡು ಚಳಿಗಾಲದಲ್ಲಿ. ಮಳೆಯನ್ನು ತೆಗೆದು ಉಳಿದದ್ದನ್ನು ಬರೆಯುತ್ತೇನೆ.

ಆಗ ಮನೆಮನೆಯಲ್ಲಿ ತೊಗರಿ ಒಡೆಯುವ ಕಾಲ. ಹೆಂಗಸರು ಬೀಸುಕಲ್ಲಿನ ಸುತ್ತ ಕೂತು ಬೇಳೆ ಒಡೆಯುತ್ತ, ಒಬ್ಬರಿಗೊಬ್ಬರು ಒಡಪು ಹಾಕುತ್ತ, ನಗುತ್ತ ಮಧ್ಯಾಹ್ನ ಕಳೆಯುವರು. ಬೀಸುಕಲ್ಲು ಬೀಸಿ ಬೀಸಿ ನುಣುಪಾದರೆ ಉಳಿಯಿಂದ ಸಣ್ಣ ಸಣ್ಣ ಕಚ್ಚು ಹೊಡೆದು ಅದಕ್ಕೆ ಮತ್ತೆ ಹಲ್ಲು ಮೂಡಿಸಬೇಕು. ಆ ಕೆಲಸಕ್ಕೆ ಬೇರೆಯವರು ಬರುತ್ತಿದ್ದರು. ಅಪ್ಪನಂಥ ಫರಸಿ ಕೆಲಸದವರು ಅದನ್ನು ಮುಟ್ಟುತ್ತಿರಲಿಲ್ಲ. ಆ ಚಳಿಗಾಲ ಅಪ್ಪ ಸಾವಕಾರರ ಅಂಗಳದಿಂದ ಬೇಗ ಹೊರಟು, ಓಣಿಯ ಮನೆಗಳ ಮುಂದೆ ಹೋಗಿ, 'ನಿಮ್ಮ ಕಲ್ಲಿಗಿ ಹಲ್ಲು ಹಾಕಿಕೊಡತೀನಿ' ಎನ್ನತೊಡಗಿದ. ಯಾರಿಂದಲೂ ಏನೂ ತೆಗೆದುಕೊಳ್ಳಲಿಲ್ಲ. ಒಂದು ಕಲ್ಲನ್ನು ಬಿಚ್ಚಿ ಮೂಲೆಯಲ್ಲಿ ಇಟ್ಟುಕೊಂಡು ಕೂರುವನು. ಆಚೆ ಇನ್ನೊಂದು ಕಲ್ಲಿನ ಸುತ್ತ ಹೆಂಗಸರ ಪದ್ಯ ನಡೆಯುವುದು. ಇವನ ಉಳಿ ಮೆಲ್ಲಗೆ, ಬಹಳ ಮೆಲ್ಲಗೆ ನಡೆಯುವುದು.

ಕೊನೆಗೆ ಹೆಂಗಸರೇ ಹಿಡಿದರು. ಈರಮ್ಮತ್ತಿಯ ಅಂಗಳದಲ್ಲಿ ಅವನು ಮತ್ತೊಮ್ಮೆ ಉಳಿ ಹಿಡಿದು ಬಂದಾಗ ಒಬ್ಬಳೆಂದಳಂತೆ, 'ಅಣ್ಣಾ, ಮೊನ್ನೆರೆ ಹಲ್ಲು ಹಾಕಿ ಹೋಗೀದಿ. ನಮ್ಮ ಕಲ್ಲೇನು ಕೂಸೇನು, ವಾರ ವಾರ ಹಲ್ಲು ಬರಾಕ?'

'ಜರಾ ನುಣುಪಾಗಿರಬೇಕಂತ ಬಂದೆ.'

'ನುಣುಪಾಗಿಲ್ಲ, ಅದು ಈಗ ಬೇಳಿನೂ ಬಿಡಾಂಗಿಲ್ಲ, ಎಲ್ಲಾ ಹಿಟ್ಟ ಮಾಡತದ. ನಿನಗ ಬೇಕಾಗಿದ್ದೇನು, ಬಾಯಿ ಬಿಟ್ಟು ಹೇಳು.'

ಅಪ್ಪ ಬಾಯಿ ಬಿಟ್ಟು ಹೇಳುವವನಲ್ಲ. ಈರಮ್ಮತ್ತಿ ಹೇಳಿದಳು. ಮಗಳಿಗೆ ಒಡಪು ಬೇಕು, ಐದಕ್ಷರದ ಗಂಡನಿಗೆ ಕೂಡುವಂಥದ್ದು. ಹೆಂಗಸರೆಲ್ಲ ಬೀಸುವುದನ್ನು ನಿಲ್ಲಿಸಿ ನಕ್ಕರು. ಸೀರೆ ಉಟ್ಟುಕೊಂಡು ಬಾ ಎಂದರು. ಆಮೇಲೆ ಷರತ್ತು ಹಾಕಿದರು. 'ಕಲಿಸತೀವಿ. ಮೊದಲ ನೀ ಒಂದು ಹಾಕು. ನಮ್ಮ ವೈನಿ ಹೆಸರ ಹೇಳು.'

ವೈನಿ ಎಂದರೆ ಅತ್ತಿಗೆ, ಅಂದರೆ ನಮ್ಮವ್ವ. ಅವಳು ಹೋದಂದಿನಿಂದ ಅಪ್ಪನ ಬಾಯಲ್ಲಿ ಆ ಹೆಸರನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಹೇಳಿದವಳಿಗೂ ತಪ್ಪಾಯಿತೇನೋ ಅನಿಸಿ ಸೆರಗು ಬಾಯಿಗೆ ಹಿಡಿದುಕೊಂಡಳಂತೆ. ಅಪ್ಪ ಉಳಿಯನ್ನು ಕೆಳಗಿಟ್ಟ. ಬೀಸುಕಲ್ಲಿನ ಮೇಲೆ ಅಂಗೈಯಾಡಿಸಿ ಪುಡಿ ಒರೆಸಿದ. ಆಮೇಲೆ ಹೇಳಿದ:

'ನೀಲಿ ಕಲ್ಲಿಗಿ ನೀರ ಹೊಯ್ದರ ತಾನೇ ಹೊಳೀತದ,
ನೀಲಮ್ಮನ ಹೆಸರ ತಗೊಂಡರ ನನಗೇನ ಹೊಳೀತದ?'

ನಂತರ ಒಬ್ಬ ಮುದುಕಿ, 'ಏನೂ ಹೊಳಿಯಾಂಗಿಲ್ಲ ಅಂದಾನ, ಆದ್ರ ನೋಡ್ರಿ ಹ್ಯಾಂಗ ಹೊಳದದ,' ಎಂದಳು. ಮತ್ತೆ ನಗು. ಇಲ್ಲಿ ಈರಮ್ಮತ್ತಿ ಅಪ್ಪನ ಕಣ್ಣಲ್ಲಿ ನೀರು ತರಿಸುತ್ತಾಳೆ. ನಾನು ಕೇಳಿದೆ, 'ಖರೇನೇ ನೀರ ಬಂದಿತ್ತೇನತ್ತಿ?' ಅವಳು ಸ್ವಲ್ಪ ಯೋಚಿಸಿ ಹೇಳಿದಳು, 'ಬಂದಿರಬೇಕಿತ್ತು ಬಿಡು.' ಅವಳಿಗೂ ನನ್ನದೇ ರೋಗ.

ನಾನು ನೋಡಿದ್ದು, ಕೇಳಿದ್ದು ಇನ್ನು ಮುಂದಿನದು. ಸಂಜೆ ಬೇವಿನ ಗಿಡದ ಕೆಳಗೆ ಅಪ್ಪ ಕಲ್ಲಿನ ಅಂಚು ಹೊಡೆಯುತ್ತ ಏನೋ ಗುಣುಗುಣು ಎನ್ನತೊಡಗಿದ. ಮೊದಲು ಯಾವುದೋ ಭಜನೆ ಇರಬೇಕೆಂದುಕೊಂಡೆ. ಕಿವಿ ಕೊಟ್ಟಾಗ ತೊಗರಿ ಕೇಳಿಸಿತು, ಬೇಳೆ ಕೇಳಿಸಿತು. ಈರಮ್ಮತ್ತಿಯ ಪದ್ಯವೇ, ಆದರೆ ಉದ್ದ ಮಾಡಿದ್ದ. ಸುತ್ತಿಗೆಯ ಪೆಟ್ಟಿಗೆ ಒಂದು ಮಾತು ಬೀಳುತ್ತಿತ್ತು. ಕೂಡದಿದ್ದಲ್ಲಿ ಪೆಟ್ಟು ಗಾಳಿಯಲ್ಲೇ ನಿಲ್ಲುತ್ತಿತ್ತು. ಇನ್ನೊಂದು ಮಾತು ಹುಡುಕಿಕೊಂಡು ಕೆಳಗಿಳಿಯುತ್ತಿತ್ತು.

ಕಷ್ಟ ಒಂದೇ. ಮಗಳಿಗೆ ಕೇಳುವಂತೆ ಅವಳ ಗಂಡನ ಹೆಸರು ಹೇಳುವುದು ಹೇಗೆ? ಅಳಿಯನ ಹೆಸರನ್ನು ಮಾವ ಬಾಯಿತುಂಬ ಕೂಗುವುದುಂಟೇ, ಅದೂ ಓಣಿಗೆ ಕೇಳುವ ಹಾಗೆ? ಅಪ್ಪ ಆ ಜಾಗಕ್ಕೆ ಬೇರೊಂದು ಐದಕ್ಷರ ಹುಡುಕಿದ. ನಾರಾಯಣಖೇಡಕ್ಕೆ ಹೋಗುವಾಗ ಬಸ್ಸು ಬದಲಿಸಿದ ಊರು ಸರಿಯಾಗಿ ಕೂತಿತು.

'ಹೊಲದಾಗ ತೊಗರಿ ಬಿತ್ಯಾರ, ಕಲ್ಲಾಗ ಒಡದೀನಿ ಬೇಳಿ,
ಜಹೀರಾಬಾದ ಅನ್ನೋರು ನಮ್ಮವರು, ಬಾಗಲಾ ಬಿಡ್ರಿ ಹೆಸರ ಕೇಳಿ.'

ಹೀಗೆ ಸಂಜೆ ಸಂಜೆ. ನನಗೆ ಅವನು ಒಂದು ದಿನವೂ 'ಕಲಿ' ಎಂದು ಹೇಳಲಿಲ್ಲ. ನಾನೂ 'ಕಲಿಯುತ್ತಿದ್ದೇನೆ' ಎನ್ನಲಿಲ್ಲ. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರೆ ಕೇಳಿಸಿಕೊಳ್ಳುತ್ತಿದ್ದೇನೆ ಎಂದು ಅವನಿಗೆ ಗೊತ್ತಾಗುತ್ತಿತ್ತು, ಮತ್ತೆ ಮೊದಲಿನಿಂದ ಹೇಳುತ್ತಿದ್ದ. ಬಡಿಯತೊಡಗಿದರೆ ಸುಮ್ಮನಾಗುತ್ತಿದ್ದ. ಒಂದು ಸಂಜೆ ನಾನು ಎರಡನೆಯ ಸಾಲನ್ನು ರೊಟ್ಟಿಯ ಮೇಲೆ ಬಡಿದು ತೋರಿಸಿದೆ, ಅವನ ಸುತ್ತಿಗೆಯ ಲೆಕ್ಕದಲ್ಲೇ. ಹೊರಗೆ ಕೆಮ್ಮಿದ ಸಪ್ಪಳ ಬಂತು. ಅದು ಮೆಚ್ಚುಗೆಯೋ, ಕಲ್ಲುಪುಡಿಯೋ, ನಾನು ನಿರ್ಧರಿಸಿಲ್ಲ. ರೊಟ್ಟಿ ಹರಿದಿತ್ತು. ಅದನ್ನೇ ಅವನಿಗೆ ಬಡಿಸಿದೆ, ಅದನ್ನೇ ಉಂಡ.

ಈರಮ್ಮತ್ತಿ ಪರೀಕ್ಷೆ ಮಾಡಲು ಬಂದಳು. ಪದ್ಯ ಕೇಳಿ ತಲೆ ಆಡಿಸಿದಳು. ಜಹೀರಾಬಾದ ಇದ್ದಲ್ಲಿ ಬಾಗಿಲ ಮುಂದೆ ಗಂಡನ ಹೆಸರು ಇಡುವುದು ಎಂದು ಅವಳಿಗೂ ತಿಳಿದಿತ್ತು, ನನಗೂ.

'ಅಂವ ದನಕ್ಕ ಸೂಜಿ ಚುಚ್ಚಾಂವ. ತೊಗರಿ ಯಾವಾಗ ಬಿತ್ಯಾನ?'

'ಅವರಪ್ಪ ಬಿತ್ಯಾರ,' ಎಂದ ಅಪ್ಪ ಹೊರಗಿನಿಂದ.

ಮದುವೆ ತಾಂಡೂರಿನಲ್ಲೇ ಆಯಿತು. ಅದರ ಬಗ್ಗೆ ನನಗೆ ನಿಜವಾಗಿ ಬಹಳ ನೆನಪಿಲ್ಲ. ತಲೆಗೆ ಕಟ್ಟಿದ ಬಾಸಿಂಗ ಒಂದು ಕಡೆ ವಾಲುತ್ತಿತ್ತು, ಯಾರೋ ಅದನ್ನು ಪದೇ ಪದೇ ನೆಟ್ಟಗೆ ಮಾಡುತ್ತಿದ್ದರು. ಹೊರಡುವಾಗ ಅಪ್ಪ ಬಸ್ಸಿನ ಹತ್ತಿರ ಬಂದು, 'ಕಿಡಕಿ ಕಡಿ ಕೂಡು, ಹೊಟ್ಟಿ ತೊಳಸಾಂಗಿಲ್ಲ,' ಎಂದ. ಹೆಣ್ಣು ಕೊಟ್ಟ ಅಪ್ಪ ಆ ದಿನ ಬೀಗರ ಮನೆಗೆ ಹೋಗುವ ಪದ್ಧತಿಯಿಲ್ಲ. ನನ್ನ ಜೊತೆಗೆ ಈರಮ್ಮತ್ತಿ ಬಂದಳು. ಕಿಟಕಿಯ ಕಡೆ ಕೂತು ಒಂದೇ ಸಮನೆ ಪದ್ಯವನ್ನು ಹೇಳಿಕೊಳ್ಳುತ್ತಿದ್ದೆ. ಜಹೀರಾಬಾದಿನಲ್ಲಿ ಬಸ್ಸು ಬದಲಿಸುವಾಗ ಸ್ಟ್ಯಾಂಡಿನ ಬೋರ್ಡಿನ ಮೇಲೆ ಆ ಹೆಸರನ್ನು ತೆಲುಗಿನಲ್ಲೂ ಉರ್ದುವಿನಲ್ಲೂ ನೋಡಿ ನನಗೆ ನಾಚಿಕೆಯಾಯಿತು. ಪಕ್ಕದಲ್ಲಿ ನಿಂತ ಗಂಡನನ್ನು ಕಂಡು ಆಗದ ನಾಚಿಕೆ. ಈರಮ್ಮತ್ತಿಗೆ ಆಗಲೇ ಅನುಮಾನ ಬರಬೇಕಿತ್ತು.

ನಾರಾಯಣಖೇಡದ ಮನೆಯ ಬಾಗಿಲು ಸಣ್ಣದು, ನಾದಿನಿಯರು ದೊಡ್ಡವರು. ಹಿರಿಯ ನಾದಿನಿ ಎರಡೂ ಕೈಗಳನ್ನು ಬಾಗಿಲ ಚೌಕಟ್ಟಿಗೆ ಒತ್ತಿ ನಿಂತಿದ್ದಳು. ಹಿಂದೆ ಓಣಿಯ ಹೆಂಗಸರು. ಅವರ ನಡುವೆ, ಎಲ್ಲರಿಗಿಂತ ಹಿಂದೆ, ಕಂಕುಳಲ್ಲಿ ಮಗು ಎತ್ತಿಕೊಂಡ ಒಬ್ಬಳು ನನ್ನನ್ನೇ ನೋಡುತ್ತಿದ್ದಳು. ಅವಳೇ ಮೂಗಿ ಎಂದು ಯಾರೂ ಹೇಳದೆಯೇ ತಿಳಿಯಿತು. 

'ಹೇಳವಾ ತಂಗಿ, ಯಾರ ಮನಿಗಿ ಬಂದೀದಿ?' ಎಂದಳು ನಾದಿನಿ.

ಹೇಳಿದೆ. ತಡವರಿಸಲಿಲ್ಲ. ತೊಗರಿ, ಬೇಳೆ, ಎಲ್ಲ ಉಳಿ ಪೆಟ್ಟಿನ ಹಾಗೆ ಅದರದರ ಜಾಗದಲ್ಲಿ ಬಿತ್ತು. 'ಜಹೀರಾಬಾದ ಅನ್ನೋರು ನಮ್ಮವರು, ಬಾಗಲಾ ಬಿಡ್ರಿ ಹೆಸರ ಕೇಳಿ' ಎಂದು ಮುಗಿಸಿ, ಗೆದ್ದವಳಂತೆ ತಲೆ ಎತ್ತಿದೆ.

ನನ್ನ ಪಕ್ಕದಲ್ಲಿ ಗಂಡ ಮೆಲ್ಲಗೆ ತಿರುಗಿ ನನ್ನನ್ನು ನೋಡಿದ. ಈರಮ್ಮತ್ತಿ, 'ಅಯ್ಯ ಶಿವನ,' ಎಂದು ಹಣೆಗೆ ಕೈ ಹಚ್ಚಿದಳು. ಆಮೇಲೆ ಆ ನಗು. ನಾದಿನಿ ಚೌಕಟ್ಟಿನಿಂದ ಕೈ ತೆಗೆದು ಹೊಟ್ಟೆ ಹಿಡಿದುಕೊಂಡಳು.

'ತಮ್ಮಾ, ನಿನ್ನ ಕತಿ ಮುಗೀತು. ಇಕಿ ಊರಿಗೂರೇ ಮದಿವ್ಯಾಗಿ ಬಂದಾಳ.'

'ನಾರಾಯಣಖೇಡದಾಗ ನಿಂತು ಜಹೀರಾಬಾದ ಹೆಸರ ಹೇಳತಾಳ, ಧೈರ್ಯ ನೋಡು.'

'ಹೋಗವಾ ನಿನ್ನ ಗಂಡನ ಕಡಿ, ಕಡೀ ಬಸ್ಸ ಇನ್ನಾ ಅದ.'

ಗಂಡನ ಹೆಸರಿನ ಬದಲು ಊರ ಹೆಸರು ಹೇಳಿದೆನೆಂದು ಆಗಷ್ಟೇ ನನಗೆ ತಿಳಿದದ್ದು. ಬಾಗಿಲು ಇನ್ನೂ ಬಿಟ್ಟಿರಲಿಲ್ಲ. ನಾದಿನಿ ಕಣ್ಣೊರೆಸಿಕೊಂಡು ಮತ್ತೆ ಕೈ ಅಡ್ಡ ಇಟ್ಟಳು. 'ನಕ್ಕಿದ್ದು ಖರೆ, ಆದ್ರ ಹೆಸರ ಬಂದಿಲ್ಲ. ಇನ್ನೊಂದು ಹಾಕು. ಹಳೇದು ನಡ್ಯಾಂಗಿಲ್ಲ.'

ಇನ್ನೊಂದು ನನ್ನ ಹತ್ತಿರ ಇರಲಿಲ್ಲ. ಈರಮ್ಮತ್ತಿ ಹಿಂದಿನಿಂದ ಏನೋ ಪಿಸುಗುಟ್ಟಿದಳು, ಅದರಲ್ಲಿ ಶಿವಪ್ಪನೇ ಇದ್ದ. ನಾನು ಕೆಳಗೆ ನೋಡಿದೆ. ಬಳೆ ತುಂಬಿದ ಕೈ ಸೀರೆಯ ನೆರಿಗೆಯ ಮೇಲೆ ತಾನಾಗಿ ಬಡಿಯುತ್ತಿತ್ತು, ಮೆಲ್ಲಗೆ, ರೊಟ್ಟಿಯ ಲೆಕ್ಕದಲ್ಲಿ. ಆ ಲೆಕ್ಕದೊಳಗೆ ಬಾಯಿಗೆ ಬಂದ ಮಾತು ಇಟ್ಟೆ:

'ತಾಂಡೂರ ಕಲ್ಲ ಕಡಕೋತ ಕುಂತು ಅಪ್ಪ ಕಲಿಸ್ಯಾನ ಮಾತು,
ಚಂದ್ರಶೇಖರ ಅಂತ ಹೆಸರ ಹೇಳೀನಿ, ಬಾಗಲಾ ಬಿಟ್ರ ಆತು.'

ಅಂದು ಹೇಳಿದ್ದು ಇಷ್ಟು ನೆಟ್ಟಗಿತ್ತೆಂದು ನಾನು ಆಣೆ ಮಾಡಲಾರೆ. ಈರಮ್ಮತ್ತಿಯ ಪ್ರಕಾರ ನಾನು ಅರ್ಧ ನುಂಗಿದೆ. ಗಂಡನ ಪ್ರಕಾರ ಇದೇ ಮಾತುಗಳು, ಒಂದೂ ಹೆಚ್ಚು ಕಡಿಮೆಯಿಲ್ಲ. ಇಷ್ಟು ಮಾತ್ರ ಎಲ್ಲರೂ ಒಪ್ಪುತ್ತಾರೆ. ನಾದಿನಿ ನಗಲಿಲ್ಲ. 'ಇದು ಯಾರದೂ ಅಲ್ಲ, ಇಕಿದೇ,' ಎಂದು ಹಿಂದಿನವರ ಕಡೆ ತಿರುಗಿ ಹೇಳಿ ಕೈ ಇಳಿಸಿದಳು. ಮಗು ಎತ್ತಿಕೊಂಡಿದ್ದವಳು ಎಲ್ಲರಿಗಿಂತ ಮೊದಲು ಮುಂದೆ ಬಂದು ಆರತಿ ತಟ್ಟೆ ತೆಗೆದುಕೊಂಡಳು.

ಈರಮ್ಮತ್ತಿ ತಾಂಡೂರಿಗೆ ಮರಳಿ ಅಪ್ಪನಿಗೆ ಊರ ಹೆಸರಿನ ಕತೆ ಹೇಳಿದಳು. ಅಪ್ಪ ಪೂರ್ತಿ ಕೇಳಲಿಲ್ಲವಂತೆ. ನಡುವೆಯೇ, 'ಬಾಗಲಾ ಬಿಟ್ಟರೇನು?' ಎಂದ. 'ಬಿಟ್ಟರು' ಎಂದಳು. 'ಮತ್ತ ನಗಾಕೇನದ,' ಎಂದು ಎದ್ದು ಹೋದ.

ಉಗಾದಿಗೆ ನಾವಿಬ್ಬರೂ ಊರಿಗೆ ಹೋದೆವು. ಬಿಸಿಲು ಆಗಲೇ ಏರಿತ್ತು, ಜೋಡಿಸಿಟ್ಟ ಕಲ್ಲುಗಳು ಸುಡುತ್ತಿದ್ದವು. ಅಪ್ಪ ಬಸ್ ಸ್ಟ್ಯಾಂಡಿಗೆ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಲಗ್ನವಾದ ಮೇಲೆ ಅಳಿಯನ ಜೊತೆ ಮೊದಲ ಸಲ ಮಾತಾಡಬೇಕು. ತಯಾರು ಮಾಡಿಕೊಂಡು ಬಂದಿದ್ದನೆಂದು ನನಗೆ ಗೊತ್ತಾಯಿತು, ತುಟಿ ಆಡುತ್ತಿತ್ತು.

'ಬರ್ರಿ. ದಾರ್ಯಾಗ ಏನೂ ತ್ರಾಸ ಆಗಿಲ್ಲಲ್ರಿ, ಜಹೀರಾಬಾದ...'

ಅಲ್ಲಿಗೇ ನಿಂತುಹೋದ. ಚಳಿಗಾಲವೆಲ್ಲ ನಾಲಿಗೆಗೆ ಹತ್ತಿದ್ದು ಬಿಟ್ಟ ಬಾಣದಂತೆ ಹೊರಬಂದಿತ್ತು. ಕಿವಿಯವರೆಗೆ ಕೆಂಪಾದ. ನನ್ನ ಗಂಡ ಆ ಹೆಸರಿಗೆ ಆಗಲೇ ಒಗ್ಗಿಹೋಗಿದ್ದ. ದವಾಖಾನೆಗೆ ಎತ್ತು ತರುವವರೂ ಹಾಗೇ ಕರೆಯುತ್ತಿದ್ದರು. ಚೀಲ ಕೈಬದಲಿಸಿಕೊಂಡು ಅವನು, 'ಇಲ್ರಿ ಮಾವಾ, ಬಸ್ಸ ಖಾಲಿ ಇತ್ತು,' ಎಂದ.

ಊಟವಾದ ಮೇಲೆ ಇಬ್ಬರೂ ಬೇವಿನ ನೆರಳಿನಲ್ಲಿ ಕೂತರು. ನಾನು ಬಾಗಿಲ ಒಳಗೆ ಎಲೆ ಅಡಿಕೆ ಹಚ್ಚುತ್ತಿದ್ದೆ. ಈರಮ್ಮತ್ತಿ ಎರಡನೆಯ ಪದ್ಯದ ಸುದ್ದಿಯನ್ನೇ ಹೇಳಿರಲಿಲ್ಲ. ಊರ ಹೆಸರಿನ ನಗುವಿನಲ್ಲಿ ಅದು ಅವಳಿಗೆ ಮರೆತೇ ಹೋಗಿತ್ತು. ಗಂಡ ಅದನ್ನು ಅಪ್ಪನಿಗೆ ಹೇಳಿ ತೋರಿಸಿದ. ಗಂಡಸಿನ ಗಂಟಲಿನಲ್ಲಿ ಅದು ದಾರಿ ತಪ್ಪಿ ಬಂದವರಂತೆ ಕೇಳಿಸಿತು.

'ಇನ್ನೊಮ್ಮೆ ಹೇಳ್ರಿ,' ಎಂದ ಅಪ್ಪ.

ಗಂಡ ಮತ್ತೆ ಹೇಳಿದ. ಅಪ್ಪ ಮೊಣಕಾಲಿನ ಮೇಲೆ ಬೆರಳಿನಿಂದ ಪೆಟ್ಟು ಹಾಕುತ್ತ ಕೇಳಿದ. ಒಂದು ಕಡೆ ಬೆರಳು ಗಾಳಿಯಲ್ಲಿ ನಿಂತಿತು.

'ಮೊದಲನೇ ಸಾಲಿನ್ಯಾಗ ಒಂದು ಮಾತು ಹೆಚ್ಚಾಗೇದ,' ಎಂದ. ನನಗಲ್ಲ, ಅಳಿಯನಿಗೆ. 'ಅಪ್ಪ ಅನ್ನೋದು ತೆಗೀಬೇಕು. ಕಲಿಸ್ಯಾರ ಮಾತು ಅಂದ್ರ ಬರಾಬರಿ ಕೂಡತದ.'

'ತೆಗದ್ರ ಯಾರ ಕಲಿಸಿದ್ರು ಅಂತ ತಿಳಿಯಾಂಗಿಲ್ಲಲ್ರಿ ಮಾವಾ.'

'ತಿಳಿದು ಏನ ಮಾಡೋದದ? ಸಾಲ ನೆಟ್ಟಗಿದ್ರ ಸಾಕು.'

ಕನ್ನಡದ ಅಕ್ಷರ ನನಗೆ ಬಂದದ್ದು ಆ ವರ್ಷವೇ, ಗಂಡನಿಂದ. ಮೊದಲು ಬರೆದು ನೋಡಿದ್ದು ಆ ಎರಡು ಸಾಲುಗಳನ್ನು. ಆಮೇಲೆ ಅವನ್ನು ಎಷ್ಟೋ ರೀತಿ ತಿದ್ದಿದ್ದೇನೆ, ಕಲ್ಲನ್ನು ಮೊದಲು ಮಾಡಿ, ಮಾತನ್ನು ಹಿಂದೆ ಮಾಡಿ, ಪ್ರಾಸ ಮುರಿದು. ಮೊನ್ನೆ ಮತ್ತೆ ಎಣಿಸಿ ನೋಡಿದೆ. ಅಪ್ಪ ಹೇಳಿದ್ದು ಸರಿ, ಸಾಲು ಆ ಮಾತಿನ ಹತ್ತಿರ ಎಡವುತ್ತದೆ. ಎಡವಲಿ ಎಂದು ಬಿಟ್ಟಿದ್ದೇನೆ.